ತೋಡಿಗಿಳಿದ ಮಕ್ಕಳ ಕ್ವಾಡ್ ಬೈಕ್: ನೀರು ಹೊಕ್ಕ ಇಂಜಿನ್ ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟದ ನಡುವೆ ಒಂದು ತೋಡು ಇದೆ. ಬೇಸಿಗೆಯಲ್ಲಿ ಚಪ್ಪಲಿ ಒದ್ದೆಯಾಗದೆ ದಾಟಬಹುದು. ಮಳೆ ಹಿಡಿದರೆ ಅರ್ಧ ಗಂಟೆಯಲ್ಲಿ ತೊಡೆಮಟ್ಟ ನೀರು. ಕಳೆದ ಜೂನ್ ಕೊನೆಗೆ ಅಣ್ಣನ ಮಗ ತನ್ನ ನಾಲ್ಕು ಚಕ್ರದ 110 ಸಿಸಿ ಕ್ವಾಡ್ ಬೈಕ್ ಹತ್ತಿ ಆ ಕಡೆ ಹೋದ. ವಾಪಸ್ ಬಂದದ್ದು ನಡೆದುಕೊಂಡು.

"ಅಪ್ಪಚ್ಚೀ, ಅದು ಸ್ಟಾರ್ಟ್ ಆವ್ತಿಲ್ಲೆ."

"ಎಷ್ಟು ಸರ್ತಿ ಸೆಲ್ಫ್ ಒತ್ತಿದೆ?"

ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ ಮೆಲ್ಲ, "ಎರಡು ಸರ್ತಿ" ಎಂದ.

ಎರಡೇ ಸಲ ಒತ್ತಿ ಬಿಟ್ಟದ್ದರಿಂದ ಆ ಇಂಜಿನ್ ಉಳಿಯಿತು. ಅದಕ್ಕೇ ಮೊದಲ ಮಾತು ಇದು: ಮಗುವನ್ನು ಬೈಯಬೇಡಿ. ಬೈಗುಳಕ್ಕೆ ಹೆದರುವ ಮಗು ವಿಷಯ ಮುಚ್ಚಿಡುತ್ತದೆ. ಯಾರಿಗೂ ಗೊತ್ತಾಗುವ ಮೊದಲು ಸ್ಟಾರ್ಟ್ ಮಾಡಿ ತರೋಣ ಎಂದು ಸೆಲ್ಫ್ ಒತ್ತುತ್ತಲೇ ಇರುತ್ತದೆ. ನೀರು ಹೋದ ಇಂಜಿನ್ ಹಾಳಾಗುವುದು ಹೆಚ್ಚಾಗಿ ಹಾಗೆಯೇ.

ಸೆಲ್ಫ್ ಯಾಕೆ ಒತ್ತಬಾರದು

ಪಿಸ್ಟನ್ ಮೇಲೆ ಬರುವಾಗ ಗಾಳಿಯನ್ನು ಒತ್ತುತ್ತದೆ. ಗಾಳಿ ಕುಗ್ಗುತ್ತದೆ. ನೀರು ಕುಗ್ಗುವುದಿಲ್ಲ. 110 ಸಿಸಿ ಇಂಜಿನ್‌ನಲ್ಲಿ ಪಿಸ್ಟನ್ ತುತ್ತತುದಿಗೆ ಬಂದಾಗ ಅದರ ಮೇಲೆ ಉಳಿಯುವ ಜಾಗ ಸುಮಾರು 14 ಮಿಲಿಲೀಟರ್. ಅಂದರೆ ಮೂರು ಟೀ ಚಮಚಕ್ಕಿಂತ ಕಡಿಮೆ. ಅದಕ್ಕಿಂತ ಜಾಸ್ತಿ ನೀರು ಸಿಲಿಂಡರಿನಲ್ಲಿದ್ದರೆ ಪಿಸ್ಟನ್ ಮೇಲೆ ಬರಲಾರದು. ಬಲವಂತವಾಗಿ ತಿರುಗಿಸಿದರೆ ಪಿಸ್ಟನ್ನಿಗೆ ಕೆಳಗಿನಿಂದ ಸೇರಿದ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ರಾಡ್ ಬಗ್ಗಿದರೆ ಇಂಜಿನ್ ಪೂರ್ತಿ ಬಿಚ್ಚಬೇಕು. ಹಳೆಯ ಗಾಡಿಯಾದರೆ ಆ ಖರ್ಚು ಗಾಡಿಯ ಬೆಲೆಯ ಹತ್ತಿರ ಹೋಗುತ್ತದೆ.

ಸಿಲಿಂಡರಿಗೆ ನೀರು ಹೋಗದಿದ್ದರೂ ಕೆಳಗಿನ ಆಯಿಲ್‌ಗೆ ಹೋಗಿರಬಹುದು. ಬಿಸಿ ಇಂಜಿನ್ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಒಮ್ಮೆಲೇ ತಣಿದು ಕುಗ್ಗುತ್ತದೆ. ಆಗ ಇಂಜಿನ್ ಒಳಗಿನ ಗಾಳಿ ಹೊರಹೋಗಲು ಇರುವ ಬ್ರೀದರ್ ಪೈಪಿನ ಮೂಲಕ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಬೆರೆತ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ಸವೆಯುತ್ತದೆ.

ಮೊದಲ ಹತ್ತು ನಿಮಿಷ

ಕೀ ತೆಗೆಯಿರಿ. ಪೆಟ್ರೋಲ್ ಕಾಕ್ ಬಂದ್ ಮಾಡಿ. ನ್ಯೂಟ್ರಲ್‌ಗೆ ಹಾಕಿ ಇಬ್ಬರು ಸೇರಿ ದೂಡಿಕೊಂಡು ಬನ್ನಿ. ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆಸಬೇಡಿ. ಅಂಗಳದಲ್ಲೋ ಕೊಟ್ಟಿಗೆಯ ಮಾಡಿನಡಿಯಲ್ಲೋ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಆಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಒದ್ದೆ ಕನೆಕ್ಟರುಗಳಲ್ಲಿ ಕರೆಂಟ್ ಹರಿಯುತ್ತಿದ್ದರೆ ತಾಮ್ರ ಬೇಗ ಹಸಿರಾಗುತ್ತದೆ. ಮೈಲುತುತ್ತು ಹೊಡೆಯುವ ಪಂಪಿನ ಹಿತ್ತಾಳೆ ಭಾಗ ಹಸಿರಾಗುವುದನ್ನು ನೋಡಿದ್ದೀರಲ್ವಾ, ಅದೇ ಥರ.

ಈಗ ಮಗುವನ್ನು ಪಕ್ಕದಲ್ಲಿ ಕೂರಿಸಿ ಕೇಳಿ. ನೀರು ಎಲ್ಲಿಯ ತನಕ ಬಂದಿತ್ತು, ಚಕ್ರದ ನಡುವಿಗಾ, ಸೀಟಿಗಾ? ಇಂಜಿನ್ ತಾನಾಗಿ ನಿಂತಿತಾ, ನೀನೇ ನಿಲ್ಲಿಸಿದೆಯಾ? ನಿಲ್ಲುವಾಗ ಏನಾದರೂ ಶಬ್ದ ಬಂತಾ? ಗಾಡಿ ಮಗುಚಿತಾ? ಆಮೇಲೆ ಎಷ್ಟು ಸಲ ಸ್ಟಾರ್ಟ್ ಮಾಡಲು ನೋಡಿದೆ? ಈ ಐದು ಉತ್ತರ ಸಿಕ್ಕಿದರೆ ಅರ್ಧ ರೋಗ ಗೊತ್ತಾದಂತೆ. ನೀರು ಚಕ್ರದ ನಡುಮಟ್ಟಕ್ಕೆ ಮಾತ್ರ ಬಂದು, ಇಂಜಿನ್ ಕೆಮ್ಮಿ ಕೆಮ್ಮಿ ನಿಂತಿದ್ದರೆ ಹೆಚ್ಚಾಗಿ ಒದ್ದೆಯಾದದ್ದು ವೈರಿಂಗ್ ಅಷ್ಟೇ. ಸೀಟಿನ ತನಕ ಮುಳುಗಿ ಒಮ್ಮೆಲೇ ನಿಂತಿದ್ದರೆ ನೀರು ಒಳಗೆ ಹೋಗಿದೆ ಎಂದೇ ಹಿಡಿಯಿರಿ. "ಠಪ್" ಎಂದು ನಿಂತಿದ್ದರೆ ಇನ್ನೂ ಜಾಗ್ರತೆ ಬೇಕು. ಮಗುಚಿದ್ದರೆ ಏರ್ ಫಿಲ್ಟರಿಗೆ ನೀರಿನ ಜೊತೆ ಆಯಿಲ್ ಕೂಡ ಹೋಗಿರುತ್ತದೆ.

ಉಪ್ಪುನೀರಾದರೆ ಲೆಕ್ಕ ಬೇರೆ

ಮಂಜೇಶ್ವರ, ಕುಂಬಳೆ, ಮೊಗ್ರಾಲ್ ಕಡೆಯವರು ಇದನ್ನು ಗಮನಿಸಿ. ಕಡಲತೀರದಲ್ಲಿ ಅಥವಾ ಅಳಿವೆಯ ಹತ್ತಿರ ಗಾಡಿ ಮುಳುಗಿದ್ದರೆ ಅದು ಉಪ್ಪುನೀರು. ಬೇಸಿಗೆಯಲ್ಲಿ ಚಂದ್ರಗಿರಿ ಹೊಳೆಯ ಕೆಳಭಾಗದಲ್ಲೂ ಉಪ್ಪು ಏರಿ ಬರುತ್ತದೆ. ಒಂದು ಹನಿ ಬೆರಳಿನಲ್ಲಿ ತೆಗೆದು ನಾಲಿಗೆಗೆ ತಾಗಿಸಿದರೆ ಗೊತ್ತಾಗುತ್ತದೆ.

ಸಿಹಿನೀರಾದರೆ ಕೆಲಸಕ್ಕೆ ಒಂದು ದಿನದ ಸಮಯ ಸಿಗುತ್ತದೆ. ಉಪ್ಪುನೀರಾದರೆ ಅದೇ ದಿನ ಮಾಡಬೇಕು. ಮೊದಲು ಬಾವಿನೀರಿನಿಂದ ಇಡೀ ಗಾಡಿ ತೊಳೆಯಿರಿ. ಪೈಪ್ ಸಾಕು, ಪ್ರೆಶರ್ ವಾಷರ್ ಬೇಡ. ಜೋರು ನೀರು ಉಪ್ಪನ್ನು ಬೇರಿಂಗಿನ ಸೀಲ್ ದಾಟಿಸಿ ಒಳಗೆ ನುಗ್ಗಿಸುತ್ತದೆ. ಕನೆಕ್ಟರುಗಳನ್ನೂ ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಬೇಕು. ಒದ್ದೆಯಾದದ್ದನ್ನು ಮತ್ತೆ ಒದ್ದೆ ಮಾಡಲು ಮನಸ್ಸು ಬರುವುದಿಲ್ಲ, ಆದರೂ ಮಾಡಿ. ಉಪ್ಪು ಒಳಗೆ ಒಣಗಿದರೆ ಮಳೆಗಾಲದ ತೇವಕ್ಕೆ ಮತ್ತೆ ಮತ್ತೆ ನೀರು ಹೀರುತ್ತಲೇ ಇರುತ್ತದೆ.

ಏರ್ ಫಿಲ್ಟರ್ ಹೇಳುವ ಕಥೆ

ಸೀಟ್ ತೆಗೆದು ಫಿಲ್ಟರ್ ಪೆಟ್ಟಿಗೆ ಬಿಚ್ಚಿ. ಒಳಗೆ ಪೂರ್ತಿ ಒಣಗಿದ್ದರೆ ನೆಮ್ಮದಿ. ಇಂಜಿನ್ ನೀರು ಕುಡಿದಿಲ್ಲ. ಆದರೂ ಆಯಿಲ್ ನೋಡದೆ ಮುಂದೆ ಹೋಗಬೇಡಿ. ಫಿಲ್ಟರ್ ಒದ್ದೆಯಿದ್ದರೆ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ಮತ್ತು ಸಿಲಿಂಡರ್ ಎರಡಕ್ಕೂ ನೀರು ಹೋಗಿರಬಹುದು.

ನೀರಿನ ಬಣ್ಣವನ್ನೂ ನೋಡಿ. ನಮ್ಮದು ಮುರಕಲ್ಲಿನ ಊರು. ಮಳೆಗಾಲದ ತೋಡಿನ ನೀರು ಕೆಂಪಗಿರುತ್ತದೆ. ಅದರಲ್ಲಿರುವ ನುಣುಪಾದ ಮಣ್ಣು ಫೋಮ್ ಫಿಲ್ಟರಿನ ರಂಧ್ರಗಳನ್ನೂ ದಾಟುತ್ತದೆ. ಫಿಲ್ಟರಿನ ಆಚೆ ಬದಿ, ಅಂದರೆ ಕಾರ್ಬ್ಯುರೇಟರ್ ಕಡೆಯ ಪೈಪಿನೊಳಗೆ, ಬಿಳಿ ಬಟ್ಟೆ ಹಾಕಿ ಒರಸಿ. ಬಟ್ಟೆಗೆ ಕೆಂಪು ಹತ್ತಿದರೆ ಮಣ್ಣು ಒಳಗೆ ಹೋಗಿದೆ. ಸಿಲಿಂಡರನ್ನು ಉಜ್ಜುವುದು ಈ ಮಣ್ಣು. ಹಾಗಾದರೆ ಕಾರ್ಬ್ಯುರೇಟರ್ ಬಿಚ್ಚಿಯೇ ತೊಳೆಯಬೇಕು, ಬರೀ ನೀರು ಇಳಿಸಿದರೆ ಸಾಲದು.

ಫೋಮ್ ಫಿಲ್ಟರನ್ನು ಸೋಪಿನ ನೀರಿನಲ್ಲಿ ಹಿಂಡಿ ತೊಳೆದು ಒಣಗಿಸಿ. ತಿರುಚಿ ಹಿಂಡಿದರೆ ಹರಿಯುತ್ತದೆ, ಅಂಗೈಯಲ್ಲಿ ಒತ್ತಿ ಹಿಂಡಿ. ಒಣಗಿದ ಮೇಲೆ ಸ್ವಲ್ಪ ಫಿಲ್ಟರ್ ಆಯಿಲ್ ಹಚ್ಚಿ. ಕಾಗದದ ಫಿಲ್ಟರ್ ಆದರೆ ಹೊಸದೇ ಹಾಕಿ.

ಪ್ಲಗ್ ಬಿಚ್ಚಿ ನೀರು ಹೊರಗೆ ಹಾಕುವುದು

ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದು. ಸಿಲಿಂಡರಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಸುತ್ತ ನಿಂತ ಮಣ್ಣನ್ನು ಮೊದಲು ಊದಿ, ಬಟ್ಟೆಯಿಂದ ಒರಸಿ ತೆಗೆಯಿರಿ. ಇಲ್ಲದಿದ್ದರೆ ಪ್ಲಗ್ ತೆಗೆದ ಕೂಡಲೇ ಅದು ಒಳಗೆ ಬೀಳುತ್ತದೆ. 110 ಸಿಸಿಯ ಹೆಚ್ಚಿನ ಇಂಜಿನ್‌ಗಳಿಗೆ 16 ಮಿಲಿಮೀಟರಿನ ಪ್ಲಗ್ ಸ್ಪ್ಯಾನರ್ ಹಿಡಿಯುತ್ತದೆ.

ಪ್ಲಗ್ ಬಿಚ್ಚಿದ ಮೇಲೆ ಸ್ಪಾರ್ಕ್ ಬರುವಂತೆ ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ, ಅಂದರೆ ಸಿಡಿಐಯ, ಕನೆಕ್ಟರ್ ತೆಗೆದಿಡಿ. ಪ್ಲಗ್ ತೂತಿನಿಂದ ನೀರಿನ ಜೊತೆ ಪೆಟ್ರೋಲ್ ಕೂಡ ಸಿಡಿಯುತ್ತದೆ. ಆಗ ಹತ್ತಿರದಲ್ಲಿ ಸ್ಪಾರ್ಕ್ ಇದ್ದರೆ ಬೆಂಕಿ ಹತ್ತಬಹುದು. ಸಿಡಿಐ ಬಿಚ್ಚಿದರೆ ಸ್ಪಾರ್ಕ್ ಬರುವುದೇ ಇಲ್ಲ. ತೂತಿನ ಮೇಲೆ ಹಳೆಯ ಬಟ್ಟೆ ಸಡಿಲವಾಗಿ ಹಾಕಿ. ಮಕ್ಕಳನ್ನು ದೂರ ನಿಲ್ಲಿಸಿ, ನಿಮ್ಮ ಮುಖವನ್ನೂ ಆ ಕಡೆ ತರಬೇಡಿ.

ಹಗ್ಗ ಎಳೆಯುವ ಸ್ಟಾರ್ಟರ್ ಇದ್ದರೆ ಮೊದಲು ನಿಧಾನವಾಗಿ ಎಳೆಯಿರಿ. ಸೆಲ್ಫ್ ಮಾತ್ರ ಇದ್ದರೆ ಬ್ಯಾಟರಿ ವೈರ್ ಜೋಡಿಸಿ, ಬ್ರೇಕ್ ಹಿಡಿದು, ಎರಡೆರಡು ಸೆಕೆಂಡಿನಂತೆ ಒತ್ತಿ. ಪ್ಲಗ್ ಇಲ್ಲದಾಗ ನೀರಿಗೆ ಹೊರಹೋಗಲು ದಾರಿಯಿದೆ, ಆದ್ದರಿಂದ ರಾಡ್ ಬಗ್ಗುವ ಭಯವಿಲ್ಲ. ಬಟ್ಟೆಗೆ ನೀರು ಬರುವುದು ನಿಲ್ಲುವ ತನಕ ಮಾಡಿ. ಪ್ಲಗ್ ತೆಗೆದಿದ್ದರೂ ಇಂಜಿನ್ ತಿರುಗದಿದ್ದರೆ, ಅಥವಾ ಒಂದು ಜಾಗದಲ್ಲಿ ಸಿಕ್ಕಿಕೊಂಡರೆ, ಅಲ್ಲಿಗೇ ನಿಲ್ಲಿಸಿ. ಮುಂದಿನದು ಇಂಜಿನ್ ಬಿಚ್ಚುವ ಮೆಕ್ಯಾನಿಕ್‌ನ ಕೆಲಸ.

ನೀರು ಹೋದ ಮೇಲೆ ಒಂದು ಟೀ ಚಮಚ ಇಂಜಿನ್ ಆಯಿಲ್ ಪ್ಲಗ್ ತೂತಿಗೆ ಹಾಕಿ, ಎರಡು ಸುತ್ತು ತಿರುಗಿಸಿ. ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿಯುವುದು ತಪ್ಪುತ್ತದೆ. ಸಂಜೆಯಾಗಿ ಉಳಿದ ಕೆಲಸ ನಾಳೆಗೆ ಬಿಡಬೇಕಾಗಿದ್ದರೆ ಇದನ್ನಂತೂ ಮಾಡಿಯೇ ಮಲಗಿ.

ಪೆಟ್ರೋಲ್ ಮತ್ತು ಕಾರ್ಬ್ಯುರೇಟರ್

ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲಿಗೆ ಒಂದು ಡ್ರೈನ್ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ ಬರುವುದನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ಐದು ನಿಮಿಷ ಅಲುಗಾಡಿಸದೆ ಇಡಿ. ನೀರು ಪೆಟ್ರೋಲಿಗಿಂತ ಭಾರ, ಹಾಗಾಗಿ ಕೆಳಗೆ ಬೇರೆಯೇ ಪದರವಾಗಿ ನಿಲ್ಲುತ್ತದೆ.

ಟ್ಯಾಂಕಿನದನ್ನೂ ಹೀಗೆಯೇ ನೋಡಿ. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿಗೆ ಶೇಕಡಾ 20ರ ತನಕ ಎಥನಾಲ್ ಬೆರೆಸಿರುತ್ತಾರೆ. ಎಥನಾಲ್‌ಗೆ ನೀರೆಂದರೆ ಇಷ್ಟ. ನೀರು ಜಾಸ್ತಿಯಾದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ಕೆಳಗಿಳಿಯುತ್ತದೆ. ಆಮೇಲೆ ಮೇಲೆ ಉಳಿದ ಪೆಟ್ರೋಲ್ ಮೊದಲಿನ ಗುಣದ್ದಲ್ಲ. ಮೊದಲೆಲ್ಲ ಮೇಲಿನ ಪೆಟ್ರೋಲನ್ನು ಬಟ್ಟೆಯಲ್ಲಿ ಸೋಸಿ ವಾಪಸ್ ಹಾಕುತ್ತಿದ್ದೆವು. ಈಗ ಹಾಗೆ ಮಾಡಬೇಡಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಣಗಿಸಿ, ಹೊಸ ಪೆಟ್ರೋಲ್ ಹಾಕಿ. ಮಕ್ಕಳ ಗಾಡಿಯ ಟ್ಯಾಂಕ್ ಚಿಕ್ಕದು, ದೊಡ್ಡ ನಷ್ಟವೇನಿಲ್ಲ.

ಕಾರ್ಬ್ಯುರೇಟರ್ ಬಿಚ್ಚುವುದಾದರೆ ಒಳಗಿನ ಎರಡು ಹಿತ್ತಾಳೆಯ ಜೆಟ್ (ಪೆಟ್ರೋಲ್ ಹಾದುಹೋಗುವ ಸಣ್ಣ ತೂತಿನ ತುಂಡು) ತೆಗೆದು ಬೆಳಕಿಗೆ ಹಿಡಿದು ನೋಡಿ. ದೊಡ್ಡದು ಮೇನ್ ಜೆಟ್, ಚಿಕ್ಕದು ಪೈಲಟ್ ಜೆಟ್. ಅದರ ತೂತು ಕೂದಲೆಳೆಯಷ್ಟು. ಸೂಜಿ, ತಂತಿ ಹಾಕಿದರೆ ತೂತು ದೊಡ್ಡದಾಗಿ ಹಾಳಾಗುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿ. ಟಯರ್ ಪಂಚರ್ ಅಂಗಡಿಗೆ ಒಯ್ದರೆ ಕಂಪ್ರೆಸರಿನಲ್ಲಿ ಊದಿ ಕೊಡುತ್ತಾರೆ.

ಆಯಿಲ್: ಒಂದೇ ಸಲಕ್ಕೆ ಮುಗಿಯುವುದಿಲ್ಲ

ಆಯಿಲ್ ಕಡ್ಡಿ ಎಳೆದು ನೋಡಿ. ಒಳ್ಳೆಯ ಆಯಿಲ್ ಜೇನಿನಂತೆಯೋ ಕಪ್ಪಗೋ ಇರುತ್ತದೆ. ನೀರು ಸೇರಿದ್ದರೆ ಹಾಲು ಹಾಕಿದ ಚಹಾದ ಬಣ್ಣ. ಕೆಂಪು ಮಣ್ಣೂ ಸೇರಿದ್ದರೆ ಬೆಲ್ಲ ಹಾಕಿದ ತೆಂಗಿನಹಾಲಿನ ಪಾಯಸದಂತೆ ಕಾಣುತ್ತದೆ. ಮಟ್ಟ ಮೊದಲಿಗಿಂತ ಮೇಲೆ ಬಂದಿದ್ದರೂ ಅದು ನೀರೇ. ಆದರೆ ಇಂಜಿನ್ ನಿಂತು ಹಲವು ಗಂಟೆ ಕಳೆದಿದ್ದರೆ ನೀರು ತಳಕ್ಕೆ ಇಳಿದು, ಕಡ್ಡಿಯಲ್ಲಿ ಬರೀ ಒಳ್ಳೆಯ ಆಯಿಲ್ ಕಾಣಿಸಬಹುದು. ಅದನ್ನು ನಂಬಿ ಮೋಸ ಹೋಗಬೇಡಿ. ಡ್ರೈನ್ ಬೋಲ್ಟ್ ಸ್ವಲ್ಪವೇ ಸಡಿಲಿಸಿ, ಮೊದಲು ಏನು ಬರುತ್ತದೆ ನೋಡಿ. ನಮ್ಮ ಗಾಡಿಯಲ್ಲಿ ಮೊದಲು ಬಂದದ್ದು ಅರ್ಧ ಲೋಟ ಕೆಂಪುನೀರು.

ಈ ಇಂಜಿನ್‌ಗಳಿಗೆ ಸುಮಾರು 800ರಿಂದ 900 ಮಿಲಿಲೀಟರ್ ಆಯಿಲ್ ಸಾಕು. ಕೊನೆಯ ಮಾತು ಕಡ್ಡಿಯ ಗುರುತಿನದು. ಬೈಕಿನ ಆಯಿಲ್ ಆಗಬೇಕು. ಡಬ್ಬದ ಮೇಲೆ ಜಾಸೋ ಎಂಎ (JASO MA) ಎಂಬ ಬೈಕ್ ಆಯಿಲ್‌ನ ಗುರುತು ಇದೆಯೇ ನೋಡಿ. ಇವುಗಳ ಕ್ಲಚ್ ಆಯಿಲ್‌ನೊಳಗೇ ತಿರುಗುತ್ತದೆ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು.

ಒಮ್ಮೆ ಬದಲಿಸಿದರೆ ನೀರು ಪೂರ್ತಿ ಹೋಗುವುದಿಲ್ಲ. ಗೇರುಗಳ ಸಂದಿಯಲ್ಲಿ, ಕ್ಲಚ್ ಪ್ಲೇಟುಗಳ ನಡುವೆ ಉಳಿದಿರುತ್ತದೆ. ಅದಕ್ಕೆ ಮೊದಲ ಸಲ ಕಡಿಮೆ ಬೆಲೆಯ, ಆದರೆ ಬೈಕಿನದೇ ಆದ ಆಯಿಲ್ ತುಂಬಿ. ಸ್ಟಾರ್ಟ್ ಆದ ಮೇಲೆ ಐದು ನಿಮಿಷ ಓಡಿಸಿ, ಬಿಸಿಯಿರುವಾಗಲೇ ಇಳಿಸಿ. ಮತ್ತೆ ತುಂಬಿ, ಮತ್ತೆ ಓಡಿಸಿ. ಇಳಿದು ಬಂದ ಆಯಿಲ್ ಕಲಕು ಇಲ್ಲದೆ ಕಾಣುವ ತನಕ ಇದು ನಡೆಯಲಿ. ನಮಗೆ ಮೂರು ಸಲ ಬೇಕಾಯಿತು. ಮೂರನೆಯದು ಒಳ್ಳೆಯ ಆಯಿಲ್. ಕೆಲವರು ಸೀಮೆಎಣ್ಣೆ, ಡೀಸೆಲ್ ಹಾಕಿ ಇಂಜಿನ್ ಓಡಿಸಿ ತೊಳೆಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬೇರಿಂಗಿನ ಮೇಲಿನ ಆಯಿಲ್ ಪದರ ತೊಳೆದುಹೋಗಿ, ಆ ಐದು ನಿಮಿಷದಲ್ಲೇ ಸವೆತ ಶುರುವಾಗುತ್ತದೆ.

ಇಳಿಸಿದ ಆಯಿಲ್ ತೋಡಿಗೆ, ಅಡಿಕೆ ಮರದ ಬುಡಕ್ಕೆ ಹಾಕಬೇಡಿ. ನಮ್ಮ ಕಡೆ ಬಾವಿ, ಸುರಂಗದ ನೀರನ್ನೇ ಕುಡಿಯುವುದು. ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಬೆಲ್ಟಿನಲ್ಲಿ ಓಡುವ ಗಾಡಿಯಾದರೆ ಬೆಲ್ಟ್ ಪೆಟ್ಟಿಗೆಯ ನೀರನ್ನೂ ಇಳಿಸಬೇಕು. ಹಿಂದಿನ ಗೇರ್ ಆಯಿಲ್ ಬೇರೆಯೇ ಇರುತ್ತದೆ, ಅದನ್ನೂ ಬದಲಿಸಿ.

ಸ್ಪಾರ್ಕ್ ಬರುತ್ತಿಲ್ಲ ಎಂದರೆ

ಇಲ್ಲಿ ಜನ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ. ಸ್ಪಾರ್ಕ್ ಇಲ್ಲ ಎಂದ ಕೂಡಲೇ ಹೊಸ ಸಿಡಿಐ, ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಹೊಸ ಕಾಯಿಲ್ ತರುತ್ತಾರೆ. ಹೆಚ್ಚಿನ ಸಲ ತಪ್ಪು ಇರುವುದು ಒಂದು ಒದ್ದೆ ಸ್ವಿಚ್ಚಿನಲ್ಲಿ.

ಮೊದಲು ಕನೆಕ್ಟರುಗಳನ್ನೆಲ್ಲ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಜೂನ್, ಜುಲೈಯಲ್ಲಿ ನಮ್ಮಲ್ಲಿ ಬಿಸಿಲನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಟೇಬಲ್ ಫ್ಯಾನ್ ಇಟ್ಟು ಒಂದು ರಾತ್ರಿ ಬಿಡುವುದು ಒಳ್ಳೆಯದು. ಅದಕ್ಕೆ ಮೊದಲು ಟ್ಯಾಂಕ್ ಖಾಲಿಯಾಗಿರಬೇಕು, ಪೆಟ್ರೋಲ್ ವಾಸನೆಯೂ ಹೋಗಿರಬೇಕು. ಒಲೆಯ ಹತ್ತಿರವಾಗಲಿ, ಅಡಿಕೆಗೆ ಹೊಗೆ ಹಾಕುವ ಕೋಣೆಯಲ್ಲಾಗಲಿ ಖಂಡಿತ ಇಡಬೇಡಿ.

ಆಮೇಲೆ ಸಿಡಿಐ ಜೋಡಿಸಿ. ಹೊಸ ಪ್ಲಗ್ಗನ್ನು ಪ್ಲಗ್ ಕೇಬಲ್ ತುದಿಯ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಇಂಜಿನ್‌ಗೆ ತಾಗುವಂತೆ ಇಡಿ. ಪ್ಲಗ್ ತೂತಿನಿಂದ ದೂರ ಇರಲಿ, ತೂತಿಗೆ ಬಟ್ಟೆ ತುರುಕಿ. ಸೆಲ್ಫ್ ಒತ್ತಿದಾಗ ನೀಲಿ ಕಿಡಿ "ಚಟ್ ಚಟ್" ಎಂದು ಹಾರಬೇಕು.

ಹಾರದಿದ್ದರೆ ಕ್ಯಾಪ್ ನೋಡಿ. ರಬ್ಬರಿನೊಳಗೆ ನೀರು ನಿಂತಿರುತ್ತದೆ. ತಿರುಗಿಸಿ ತೆಗೆದು ಒಣಗಿಸಿ. ಕೇಬಲ್ ತುದಿ ಹಸಿರಾಗಿದ್ದರೆ ಐದು ಮಿಲಿಮೀಟರ್ ಕತ್ತರಿಸಿ ಮತ್ತೆ ತಿರುಗಿಸಿ ಹಾಕಿ.

ಆಗಲೂ ಇಲ್ಲವೇ? ಮಕ್ಕಳ ಗಾಡಿಯಲ್ಲಿ ಇಂಜಿನ್ ನಿಲ್ಲಿಸಲು ಹಲವು ದಾರಿ ಇರುತ್ತವೆ: ಕೀ, ಹ್ಯಾಂಡಲಿನ ಕೆಂಪು ಸ್ವಿಚ್, ಮಗುವಿನ ಕೈಗೆ ಕಟ್ಟುವ ದಾರ, ಕೆಲವದರಲ್ಲಿ ರಿಮೋಟ್. ಸಾಮಾನ್ಯವಾಗಿ ಇವೆಲ್ಲ ಒಂದೇ ವೈರಿಗೆ ಸೇರಿ, ಅದನ್ನು ಗ್ರೌಂಡ್‌ಗೆ ತಾಗಿಸಿ ಸ್ಪಾರ್ಕ್ ನಿಲ್ಲಿಸುತ್ತವೆ. ಒಳಗೆ ನೀರು ನಿಂತರೆ ಅದೂ ಗ್ರೌಂಡ್‌ಗೆ ತಾಗಿಸಿದಂತೆ. ಸಿಡಿಐಗೆ ಬರುವ ಆ ವೈರ್, ಹೆಚ್ಚಾಗಿ ಕಪ್ಪಿನ ಮೇಲೆ ಬಿಳಿ ಗೆರೆಯದ್ದು, ಅದನ್ನು ಬೇರ್ಪಡಿಸಿ ಇನ್ನೊಮ್ಮೆ ನೋಡಿ. ಈಗ ಕಿಡಿ ಹಾರಿದರೆ ಸಿಡಿಐ ಚೆನ್ನಾಗಿದೆ. ಒಂದೊಂದೇ ಸ್ವಿಚ್ ಬಿಚ್ಚಿ ಒಣಗಿಸಿ. ನಮ್ಮದರಲ್ಲಿ ದಾರದ ಸ್ವಿಚ್ಚಿನೊಳಗೆ ನೀರಿತ್ತು. ಆ ವೈರನ್ನು ವಾಪಸ್ ಜೋಡಿಸದೆ ಮಾತ್ರ ಗಾಡಿ ಸ್ಟಾರ್ಟ್ ಮಾಡಬೇಡಿ. ಮಗು ಬಿದ್ದರೆ ಇಂಜಿನ್ ನಿಲ್ಲಿಸುವುದು ಆ ವೈರೇ.

ಅದನ್ನು ಬೇರ್ಪಡಿಸಿದರೂ ಕಿಡಿ ಬರದಿದ್ದರೆ ಇಂಜಿನ್‌ನಿಂದ ಬರುವ ಸ್ಟೇಟರ್ (ಇಂಜಿನ್‌ನೊಳಗೆ ಕರೆಂಟ್ ತಯಾರಿಸುವ ಭಾಗ) ವೈರಿನ ಕನೆಕ್ಟರ್ ನೋಡಿ. ಕೊನೆಗೆ ಕಾಯಿಲ್, ಸಿಡಿಐ.

ಸೆಲ್ಫ್ ಬರೀ "ಟಿಕ್" ಎಂದರೆ ಬ್ಯಾಟರಿ ಇಳಿದಿದೆ. ಏನೂ ಶಬ್ದವಿಲ್ಲದಿದ್ದರೆ ಬ್ರೇಕ್ ಸ್ವಿಚ್ ಒದ್ದೆಯಾಗಿರಬಹುದು. ಬ್ರೇಕ್ ಹಿಡಿಯದೆ ಸೆಲ್ಫ್ ಆಗದ ಗಾಡಿಗಳಲ್ಲಿ ಇದು ಮಾಮೂಲು.

ಮೊದಲ ಸ್ಟಾರ್ಟ್

ಪ್ಲಗ್ ಸಂದು 0.6ರಿಂದ 0.7 ಮಿಲಿಮೀಟರ್ ಇರಲಿ. ಪ್ಲಗ್ಗನ್ನು ಬೆರಳಿನಿಂದಲೇ ಪೂರ್ತಿ ತಿರುಗಿಸಿ ಕೂರಿಸಿ, ಹೊಸ ಪ್ಲಗ್ ಆದರೆ ಆಮೇಲೆ ಅರ್ಧ ಸುತ್ತು ಮಾತ್ರ ಬಿಗಿ ಮಾಡಿ. ಸಿಲಿಂಡರ್ ಹೆಡ್ ಅಲ್ಯುಮಿನಿಯಂ, ಜೋರು ಮಾಡಿದರೆ ಅದರ ಮರೆ (ಥ್ರೆಡ್) ಕಿತ್ತುಬರುತ್ತದೆ.

ಹೊರಗೆ, ಗಾಳಿಯಾಡುವ ಜಾಗದಲ್ಲಿ ಚೋಕ್ ಹಾಕಿ ಸ್ಟಾರ್ಟ್ ಮಾಡಿ. ಸೈಲೆನ್ಸರಿನಿಂದ ನೀರು ಹನಿಯುತ್ತದೆ, ಬಿಳಿ ಹಬೆ ಬರುತ್ತದೆ. ಸಿಲಿಂಡರಿಗೆ ಹಾಕಿದ ಆಯಿಲ್ ಸುಡುವಾಗ ನೀಲಿ ಹೊಗೆಯೂ ಬರುತ್ತದೆ. ಎಲ್ಲ ಕೆಲವು ನಿಮಿಷದಲ್ಲಿ ನಿಲ್ಲಬೇಕು. ಆಕ್ಸಿಲರೇಟರ್ ಜೋರು ತಿರುಗಿಸಬೇಡಿ. ಕಿವಿ ಕೊಡಿ. ಒಳಗಿನಿಂದ "ಟಕ್ ಟಕ್" ಎಂದು ಲೋಹ ಬಡಿದಂತೆ ಕೇಳಿದರೆ ಕೂಡಲೇ ನಿಲ್ಲಿಸಿ. ರಾಡ್ ಬಗ್ಗಿರಬಹುದು.

ಚೋಕ್ ಇದ್ದಾಗ ಮಾತ್ರ ಓಡಿ, ತೆಗೆದರೆ ನಿಂತರೆ ಪೈಲಟ್ ಜೆಟ್ ಇನ್ನೂ ಕಟ್ಟಿದೆ. ನಿಂತಲ್ಲಿ ಚೆನ್ನಾಗಿ ಓಡಿ, ಆಕ್ಸಿಲರೇಟರ್ ಕೊಟ್ಟಾಗ ಉಸಿರುಗಟ್ಟಿದರೆ ಮೇನ್ ಜೆಟ್ ನೋಡಿ, ಇಲ್ಲವೇ ಟ್ಯಾಂಕಿನಿಂದ ಇನ್ನೂ ನೀರು ಬರುತ್ತಿದೆ. ಬಿಟ್ಟು ಬಿಟ್ಟು ಕೆಮ್ಮಿದರೆ ಎಲ್ಲೋ ವೈರ್ ಒದ್ದೆಯಿದೆ.

ಮಗುವಿಗೆ ಕೊಡುವ ಮೊದಲು

ಇಂಜಿನ್ ಓಡಿದ ಖುಷಿಯಲ್ಲಿ ಬ್ರೇಕ್ ಮರೆಯುತ್ತೇವೆ. ಡ್ರಮ್ ಬ್ರೇಕಿನೊಳಗೆ ನೀರು ನಿಂತರೆ ಅದು ಹಿಡಿಯುವುದೇ ಇಲ್ಲ. ಡ್ರಮ್ ಬಿಚ್ಚಿ ಮಣ್ಣು ತೆಗೆದು ಒಣಗಿಸಿ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಬೇರಿಂಗ್ ಕರಕರ ಎಂದರೆ ಬದಲಿಸಿ. ಚೈನ್ ಒರಸಿ ಆಯಿಲ್ ಹಾಕಿ.

ಮೊದಲ ಸವಾರಿ ದೊಡ್ಡವರೇ ಮಾಡಿ ನೋಡಿದರೆ ಒಳ್ಳೆಯದು. ಆದರೆ ಚಿಕ್ಕ ಗಾಡಿಯಾದ್ದರಿಂದ ಎಷ್ಟು ತೂಕ ಹೊರುತ್ತದೆ ಎಂದು ಗಾಡಿಯ ಮೇಲಿನ ಚೀಟಿ ನೋಡಿ ಹತ್ತಿ. ಪಂಚಾಯತ್ ರಸ್ತೆಗೆ ಇಳಿಸಬೇಡಿ. ಇಂಥ ಗಾಡಿಗೆ ರಿಜಿಸ್ಟ್ರೇಷನ್ ಇರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಮಕ್ಕಳು ರಸ್ತೆಯಲ್ಲಿ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಹೆತ್ತವರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದ ತನಕ ಜೈಲು ಇದೆ.

ನಾವು ಕೊನೆಗೆ ಒಂದು ಕೆಲಸ ಮಾಡಿದೆವು. ಏರ್ ಫಿಲ್ಟರ್ ಪೆಟ್ಟಿಗೆಯ ಗಾಳಿ ಹೋಗುವ ಬಾಯಿ ಎಲ್ಲಿದೆ ಎಂದು ಮಾಣಿಗೆ ತೋರಿಸಿದೆ. ಅದಕ್ಕಿಂತ ಒಂದು ಗೇಣು ಕೆಳಗೆ ಅವನೇ ಬಿಳಿ ಪೇಂಟಿನಲ್ಲಿ ಗೆರೆ ಎಳೆದ. ತೋಡಿನ ಬದಿಯಲ್ಲಿ ಅಷ್ಟೇ ಎತ್ತರಕ್ಕೆ ಗುರುತು ಹಾಕಿದ ಒಂದು ಅಡಿಕೆ ಸಲಾಕೆ ಊರಿದ್ದೇವೆ. ನೀರು ಗುರುತಿನ ಹತ್ತಿರ ಬಂದಿದ್ದರೆ ಗಾಡಿ ಈಚೆಯೇ ನಿಲ್ಲುತ್ತದೆ. ಒಂದು ವಾರ ಓಡಿಸಿದ ಮೇಲೆ ಆಯಿಲ್ ಕಡ್ಡಿ ಎಳೆದು ನೋಡಿದವನೂ ಅವನೇ. "ಅಪ್ಪಚ್ಚೀ, ಚಾಯದ ಬಣ್ಣ ಇಲ್ಲೆ" ಎಂದು ಅಂಗಳದಿಂದಲೇ ಕೂಗಿ ಹೇಳಿದ.